ಮೂರೂರಿನ ರೌಟರುಗಳೂ ಹೆಸರಿಡದ ನಾನೂ

ಮೊನ್ನೆ ಭಾನುವಾರ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದೆ. ನಮ್ಮ ಮನೆಯಲ್ಲಿ ಒಗೆಯುವುದು ಹೆಂಡತಿಯ ಇಲಾಖೆ, ಒಣಹಾಕುವುದು ನನ್ನದು. ಒಗೆಯುವುದಕ್ಕೆ ಬೇಕಾದಷ್ಟು ಬುದ್ಧಿ ನನಗಿಲ್ಲವೆಂದು ಮದುವೆಯಾದ ಹೊಸದರಲ್ಲೇ ತೀರ್ಮಾನವಾಗಿದೆ, ಮೇಲ್ಮನವಿಗೆ ಅವಕಾಶವಿಲ್ಲ. ನೋಡಿದರೆ ಕಿಟಕಿಯ ಸರಳಿಗೂ ಸೀಬೆಗಿಡಕ್ಕೂ ನಡುವೆ ಹೊಸದೊಂದು ಹಗ್ಗ. ಚಪ್ಪಟೆಯಾಗಿ, ತೆಳ್ಳಗೆ, ಆಕಾಶನೀಲಿ ಬಣ್ಣದ್ದು. ಕೈಯಲ್ಲಿದ್ದ ಬನೀನನ್ನು ಹಾಗೇ ಹಿಡಿದು ನಿಂತುಬಿಟ್ಟೆ.

“ಇದು ನನ್ನ ಕನ್ಸೋಲ್ ಕೇಬಲ್ಲು ಕಣೇ!”

“ಅಟ್ಟದ ಮೇಲೆ ಬಿದ್ದಿತ್ತು,” ಒಳಗಿಂದ ಉತ್ತರ. “ಯಾಕೆ, ಕರೆಂಟ್ ಹೊಡೆಯತ್ತಾ?”

“ಇಲ್ಲ.”

“ಮತ್ತಿನ್ನೇನು? ಬನೀನು ಹಾಕ್ರಿ.”

ಹಾಕಿದೆ. ಹಾಕಿದ ಮೇಲೂ ಅಲ್ಲೇ ನಿಂತಿದ್ದೆ. ಕಂಪ್ಯೂಟರಿಗೂ ರೌಟರಿಗೂ ಗಂಟು ಹಾಕುವ ಕೇಬಲ್ಲು ಅದು. ರೌಟರೆಂದರೆ ಏನೆಂದು ಕೇಳುತ್ತೀರಾ? ಅರಸೀಕೆರೆ ಜಂಕ್ಷನ್ನಿನಲ್ಲಿ ಯಾವ ಗಾಡಿ ಯಾವ ಹಳಿಗೆ ಎಂದು ನೋಡಿ ತಿರುಗಿಸುವ ಪಾಯಿಂಟ್ಸ್‌ಮನ್ ಇರುತ್ತಾನಲ್ಲ, ಅವನನ್ನು ಹಿಡಿದು ಒಂದು ಪೆಟ್ಟಿಗೆಯೊಳಗೆ ಕೂರಿಸಿದರೆ ಆಯಿತು, ರೌಟರು. ಒಂದೂರಿನ ಕಂಪ್ಯೂಟರು ಆಡಿದ ಮಾತನ್ನು ದಾರಿ ನೋಡಿ ಇನ್ನೊಂದೂರಿಗೆ ಕಳಿಸುತ್ತದೆ. ಆ ಪೆಟ್ಟಿಗೆಗೆ ಬುದ್ಧಿ ಹೇಳುವ ವಿದ್ಯೆಯನ್ನು ನಾನು ಹಾಸನದಲ್ಲಿ ಕಲಿತು ಬಂದಿದ್ದೆ. ಕಲಿತು ಬಂದ ಹೊಸದರಲ್ಲಿ ನನ್ನ ತಲೆಯ ಗಾತ್ರಕ್ಕೆ ಹೆಲ್ಮೆಟ್ ಸಿಗುತ್ತಿರಲಿಲ್ಲ.

ಅರಸೀಕೆರೆಯಲ್ಲಿ ಪ್ರಧಾನ ಕಚೇರಿ, ಬೇಲೂರು ಮತ್ತು ಹಳೇಬೀಡಿನಲ್ಲಿ ಶಾಖೆ ಇರುವ ಒಂದು ಪತ್ತಿನ ಸಹಕಾರ ಸಂಘ ನನ್ನನ್ನು ಕೆಲಸಕ್ಕೆ ಕರೆಯಿತು. ಮೂರೂರಿಗೂ ಲೈನು ಎಳೆಸಿ, ಮೂರು ರೌಟರು ಕೂರಿಸಿ, ಲೆಕ್ಕವೆಲ್ಲ ಒಂದೇ ಕಂಪ್ಯೂಟರಿಗೆ ಬರುವಂತೆ ಮಾಡುವುದು ಕೆಲಸ. ಕರೆದದ್ದು ಅವರ ಧೈರ್ಯ. ಹೋದದ್ದು ನನ್ನದು.

ರೌಟರಿನ ಒಳಗೆ ಹೋಗುವುದೆಂದರೆ ನಮ್ಮ ಕಡೆಯ ಹಳೇ ಮನೆಯೊಂದಕ್ಕೆ ಹೋದ ಹಾಗೆ. ಮೊದಲು ಜಗಲಿ. ಅಲ್ಲಿ ಕೂತವನು ಅದಿದೆಯಾ ಇದಿದೆಯಾ ಎಂದು ವಿಚಾರಿಸಬಹುದೇ ಹೊರತು ಏನನ್ನೂ ಮುಟ್ಟುವ ಹಾಗಿಲ್ಲ. ‘ಎನೇಬಲ್’ ಎಂದು ಹೊಡೆದು ಗುಟ್ಟಿನ ಪದ ಕೊಟ್ಟರೆ ನಡುಮನೆಗೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿಂದ ‘ಕಾನ್ಫಿಗರ್ ಟರ್ಮಿನಲ್’ ಎಂದರೆ ಸೀದಾ ಅಡುಗೆಮನೆ. ಅಲ್ಲಿ ಒಲೆಯನ್ನೂ ಹಚ್ಚಬಹುದು, ಮನೆಯನ್ನೂ ಹಚ್ಚಬಹುದು. ಹೊರಗೆ ಬರಲು ‘ಎಕ್ಸಿಟ್’. ಆದರೆ ಒಂದು ಎಕ್ಸಿಟ್ಟಿಗೆ ಒಂದೇ ಹೊಸಿಲು ದಾಟುತ್ತದೆ, ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಇನ್ನೊಂದು ಸುಖವೆಂದರೆ ರೌಟರಿಗೆ ಪೂರ್ತಿ ಮಾತು ಬೇಕಿಲ್ಲ. ನಮ್ಮ ಕಡೆಯವರು ‘ಬರುತ್ತೇನೆ’ ಎಂಬುದನ್ನು ನುಂಗಿ ‘ಬತ್ತೀನಿ’ ಎನ್ನುವಂತೆ, ‘ಕಾನ್ಫ್ ಟಿ’ ಎಂದರೂ ಅದಕ್ಕೆ ಅರ್ಥವಾಗುತ್ತದೆ. ಆದರೆ ಶುಭ ನುಡಿಯುವ ವಿಷಯದಲ್ಲಿ ಮಾತ್ರ ಅದು ನಮ್ಮವರ ಪೈಕಿಯಲ್ಲ. ನಾವು ಬಾಗಿಲು ಮುಚ್ಚು ಎನ್ನಲು ಬಾಯಿ ಬಾರದೆ ‘ಮುಂದಕ್ಕೆ ಮಾಡು’ ಎನ್ನುತ್ತೇವೆ. ರೌಟರಿನಲ್ಲಿ ಒಂದು ಬಾಗಿಲು ಮುಚ್ಚಲು ‘ಶಟ್‌ಡೌನ್’, ತೆರೆಯಲು ‘ನೋ ಶಟ್‌ಡೌನ್’. ತೆರೆ ಎಂಬ ಒಳ್ಳೆಯ ಪದವೇ ಅದರ ಬಾಯಲ್ಲಿಲ್ಲ. ‘ಮುಚ್ಚಬೇಡ ಮಾರಾಯಾ’ ಎಂದು ಅಂಗಲಾಚಿದರೆ ತೆರೆದುಕೊಳ್ಳುತ್ತದೆ.

ಈ ವಿದ್ಯೆಯಲ್ಲಿ ಮೊಟ್ಟಮೊದಲು ಕಲಿಸುವುದು ರೌಟರಿಗೆ ಹೆಸರಿಡುವುದನ್ನು. ‘ಹೋಸ್ಟ್‌ನೇಮ್’ ಎಂದು ಹೊಡೆದು ಮುಂದೊಂದು ಹೆಸರು ಹಾಕಿದರೆ ಮುಗಿಯಿತು. ಆಮೇಲೆ ಪರದೆಯ ಎಡಗಡೆ ಸದಾ ಆ ಹೆಸರು ಕಾಣುತ್ತಿರುತ್ತದೆ. ಹೆಸರಿಡದಿದ್ದರೆ ಅದು ತನ್ನನ್ನು ತಾನು ಸುಮ್ಮನೆ ‘ರೌಟರ್’ ಎಂದು ಕರೆದುಕೊಳ್ಳುತ್ತದೆ. ಮೂರೇ ಪೆಟ್ಟಿಗೆಗೆ ನಾಮಕರಣ ಬೇರೆ ಯಾಕೆ ಎಂದುಕೊಂಡೆ. ಅರಸೀಕೆರೆಯದೂ ‘ರೌಟರ್’, ಬೇಲೂರಿನದೂ ‘ರೌಟರ್’, ಹಳೇಬೀಡಿನದೂ ‘ರೌಟರ್’. ಮೂರು ಮಕ್ಕಳಿಗೂ ‘ಮಗು’ ಎಂದೇ ಹೆಸರಿಟ್ಟ ಅಪ್ಪನಂತೆ ಎದೆಯುಬ್ಬಿಸಿ ಓಡಾಡುತ್ತಿದ್ದೆ.

ಹಳೇಬೀಡು ಶಾಖೆಯ ವ್ಯವಸ್ಥಾಪಕಿ ಶಾರದಮ್ಮ. ಆ ಶಾಖೆಯ ಬೀಗ ಮೊದಲ ದಿನ ತೆಗೆದವರೇ ಅವರು. ಗಟ್ಟಿ ದನಿ, ಅಗಲ ಕುಂಕುಮ, ಯಾರಿಗೂ ಹೆದರದ ನಗು. ಅವರ ಶಾಖೆಯನ್ನು ಮುಚ್ಚಿ ಬೇಲೂರಿಗೆ ಸೇರಿಸಬೇಕೆಂದು ಆಡಳಿತ ಮಂಡಳಿಯಲ್ಲಿ ಮಾತು ನಡೆದಿತ್ತು. ಕಡೆಗೆ ಒಂದು ಒಪ್ಪಂದವಾಯಿತು: ಗೊತ್ತುಮಾಡಿದ ಒಂದು ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಹಳೇಬೀಡಿನ ಕೌಂಟರು ಅರಸೀಕೆರೆಯ ಕಂಪ್ಯೂಟರಿನ ಜೊತೆ ಕೆಲಸ ಮಾಡಿ ತೋರಿಸಿದರೆ ಶಾಖೆ ಉಳಿಯುತ್ತದೆ. ನಡುವೆ ಲೈನು ಕಡಿದರೆ ಬೇಲೂರಿಗೆ.

“ನನಗೇನಪ್ಪಾ, ಬಸ್ ಹತ್ತಿ ಬೇಲೂರಿಗೆ ಹೋಗಿ ಕೂತ್ಕೋತೀನಿ,” ಎಂದಿದ್ದರು ಶಾರದಮ್ಮ, ನಾನು ರೌಟರು ಕೂರಿಸುತ್ತಿದ್ದಾಗ. “ಬಸ್ತಿಹಳ್ಳಿ ತಮ್ಮಯ್ಯಣ್ಣ ಮಂಡಿ ಹಿಡ್ಕೊಂಡು ಇಲ್ಲೀಗಂಟ ನಡ್ಕೊಂಡು ಬರೋದೇ ಹೆಚ್ಚು. ಬೇಲೂರಿಗೆ ಅವನನ್ನ ಯಾರು ಹೊತ್ಕೊಂಡು ಹೋಗ್ತಾರೆ? ನೀನು ಹೊತ್ಕೊಂಡು ಹೋಗ್ತೀಯಾ?”

“ಲೈನ್ ಗಟ್ಟಿಯಾಗಿ ನಿಲ್ಲತ್ತೆ ಮೇಡಂ. ನಾನಿದ್ದೀನಲ್ಲ,” ಎಂದೆ.

“ಅದೇ ನೋಡು ಭಯ,” ಎಂದು ಅವರು ನಕ್ಕರು.

ಆ ದಿನ ಬಂತು. ನಾನು ಅರಸೀಕೆರೆಯಲ್ಲಿ, ಇಸ್ತ್ರಿ ಮಾಡಿದ ಅಂಗಿಯೊಳಗೆ. ಪಕ್ಕದ ಕುರ್ಚಿಯಲ್ಲಿ ಸಂಘದ ಅಧ್ಯಕ್ಷರು. ಹಳೇಬೀಡಿನ ಒಂದೊಂದು ವ್ಯವಹಾರವೂ ನಮ್ಮ ಪರದೆಯ ಮೇಲೆ ಬಂದು ಕೂರುತ್ತಿತ್ತು. ಮಧ್ಯಾಹ್ನದವರೆಗೆ ನನ್ನ ಕೈಗೆ ಕೆಲಸವೇ ಇರಲಿಲ್ಲ, ಅನಾಹುತಕ್ಕೆ ಅಷ್ಟು ಸಾಕು. ಅಧ್ಯಕ್ಷರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, “ಅಲ್ಲಿನ ಪೆಟ್ಟಿಗೆಯನ್ನ ಇಲ್ಲಿಂದಲೇ ನೋಡಬಹುದೇನಯ್ಯಾ?” ಎಂದರು.

ನೋಡುವುದೇನು, ತಿದ್ದಿಯೇ ತೋರಿಸುತ್ತೇನೆಂದು ಇಲ್ಲಿಂದಲೇ ಹಳೇಬೀಡಿನ ರೌಟರಿನೊಳಗೆ ಹೊಕ್ಕೆ. ಜಗಲಿ, ನಡುಮನೆ, ಅಡುಗೆಮನೆ ಎಲ್ಲ ತೋರಿಸಿದೆ. ‘ಶೋ’ ಹಾಕಿ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ಪಟ್ಟಿ ತರಿಸಿದೆ. ಅಧ್ಯಕ್ಷರು ತಲೆದೂಗಿದರು. ಎಕ್ಸಿಟ್ ಎಕ್ಸಿಟ್ ಎಂದು ಹೊರಗೆ ಬಂದೆ. ಬಂದೆ ಎಂದುಕೊಂಡೆ. ಒಂದು ಎಕ್ಸಿಟ್ ಕಮ್ಮಿ ಬಿದ್ದಿತ್ತು. ನಾನಿನ್ನೂ ಹಳೇಬೀಡಿನ ನಡುಮನೆಯಲ್ಲೇ ಕಾಲು ಚಾಚಿ ಕೂತಿದ್ದೆ. ಎಡಗಡೆ ಮಾತ್ರ ಎಂದಿನಂತೆ ‘ರೌಟರ್’. ಅರಸೀಕೆರೆಯ ಪೆಟ್ಟಿಗೆಯಲ್ಲಿ ಪರೀಕ್ಷೆಗೆಂದು ತೆರೆದ ಒಂದು ಖಾಲಿ ಬಾಗಿಲಿತ್ತು. ಅಧ್ಯಕ್ಷರ ಮುಂದೆ ಅದನ್ನೂ ಠೀವಿಯಿಂದ ಮುಚ್ಚೋಣವೆನಿಸಿತು. ಮತ್ತೆ ಅಡುಗೆಮನೆಗೆ ಹೊಕ್ಕು ‘ಸೀರಿಯಲ್ ಸೊನ್ನೆ’ ಎಂದೆ. ‘ಶಟ್‌ಡೌನ್’ ಎಂದೆ.

ಅರಸೀಕೆರೆಯಲ್ಲಿ ಸೀರಿಯಲ್ ಸೊನ್ನೆ ಖಾಲಿ ಬಾಗಿಲು. ಹಳೇಬೀಡಿನಲ್ಲಿ ಅದೇ ಹೆಬ್ಬಾಗಿಲು, ಅರಸೀಕೆರೆಯ ಲೈನು ಒಳಗೆ ಬರುತ್ತಿದ್ದದ್ದೇ ಅದರಿಂದ. ನಾನು ಯಾವ ಬಾಗಿಲಿನಿಂದ ಕೈ ತೂರಿಸಿದ್ದೆನೋ ಅದೇ ಬಾಗಿಲನ್ನು ನನ್ನ ಕೈಯ ಮೇಲೆಯೇ ಹಾಕಿಕೊಂಡಿದ್ದೆ. ಪರದೆ ಕಲ್ಲಾಯಿತು. ಹೊಯ್ಸಳರ ಶಿಲ್ಪಿಗಳು ಬಂದಿದ್ದರೆ ಅಲ್ಲೇ ನನ್ನ ಮುಖದ ಒಂದು ಅಚ್ಚು ತೆಗೆದುಕೊಂಡು ಹೋಗುತ್ತಿದ್ದರು.

ಫೋನು ಹೊಡೆದುಕೊಂಡಿತು. “ಏನಪ್ಪಾ, ನಿಂತೋಯ್ತಲ್ಲ!” ಶಾರದಮ್ಮನ ದನಿ. “ಇಲ್ಲಿ ಕ್ಯೂ ಬಾಗಿಲಾಚೆಗೆ ಹೋಗಿದೆ.”

ರೌಟರನ್ನು ಆರಿಸಿ ಮತ್ತೆ ಹೊತ್ತಿಸಿದರೆ ಅದು ಉಳಿಸಿಟ್ಟದ್ದನ್ನು ಮಾತ್ರ ನೆನಪಿಟ್ಟುಕೊಂಡು ಏಳುತ್ತದೆ. ಉಳಿಸುವುದಕ್ಕೆ ‘ರೈಟ್’ ಎಂದು ಒಂದು ಮಾತು ಹೊಡೆಯಬೇಕಿತ್ತು. ಹಿಂದಿನ ದಿನ ಅಲ್ಲಿ ಏನೇನೋ ತಿದ್ದಿದ್ದ ಬುದ್ಧಿವಂತ ಅದನ್ನೂ ಹೊಡೆದಿರಲಿಲ್ಲ. ಆರಿಸಿದರೆ ಲೈನಿನ ನೆನಪೇ ಅದಕ್ಕೆ ಹೋಗುತ್ತಿತ್ತು. ಬಸ್ ಹತ್ತಿ ಹೋಗೋಣವೆಂದರೆ ನಡುದಾರಿಯ ಜಾವಗಲ್ ದಾಟುವಷ್ಟರಲ್ಲಿ ಸಂಜೆಯಾಗಿ ಶಾಖೆಯ ಕಥೆ ಮುಗಿದಿರುತ್ತಿತ್ತು. ಉಳಿದದ್ದು ಒಂದೇ ದಾರಿ. ನೀಲಿ ಕೇಬಲ್ಲನ್ನು ನಾನು ಹಳೇಬೀಡಿನ ಕಂಪ್ಯೂಟರಿಗೇ ಚುಚ್ಚಿಟ್ಟು ಬಂದಿದ್ದೆ. ನಾನು ಫೋನಿನಲ್ಲಿ ಹೇಳಿದ್ದನ್ನು ಅಲ್ಲಿ ಹೊಡೆದರೆ ಆಯಿತು.

“ಆಯಿತು ಅಂತೀಯಲ್ಲ, ಫೋನ್ ಒಳಕೋಣೇಲಿ, ಕಂಪ್ಯೂಟರ್ ಕೌಂಟರಲ್ಲಿ. ನನಗೇನು ಹನುಮಂತನ ಬಾಲ ಇದ್ಯಾ?” ಎಂದರು ಶಾರದಮ್ಮ. ಮರುಗಳಿಗೆಯಲ್ಲೇ, “ತಮ್ಮಯ್ಯಣ್ಣ, ಬಾ ಇಲ್ಲಿ. ಇದು ಹಿಡ್ಕೋ. ಅವನು ಹೇಳಿದ್ದನ್ನ ಕೂಗು,” ಎಂದದ್ದು ಕೇಳಿಸಿತು.

ಫೋನಿನಲ್ಲಿ ಹೊಸ ಉಸಿರು. “ಯಾರ ಮಗ ನೀನು?”

“ಅಣ್ಣಾ, ಅದು ಆಮೇಲೆ ಹೇಳ್ತೀನಿ. ‘ಎನೇಬಲ್’ ಅಂತ ಹೊಡೀಬೇಕು. ಈಶ್ವರನ ಇ, ನಾಗರಾಜನ ಎನ್, ಅರಸೀಕೆರೆಯ ಎ, ಬೇಲೂರಿನ ಬಿ…”

ತಮ್ಮಯ್ಯಣ್ಣ ಕೂಗಿದ. ಅವನಿಂದ ಬಾಗಿಲಲ್ಲಿ ನಿಂತ ಹೆಂಗಸಿಗೆ, ಅವಳಿಂದ ಕ್ಯೂಗೆ, ಕ್ಯೂನಿಂದ ಶಾರದಮ್ಮನ ಬೆರಳಿಗೆ. ಊರಿನ ಸಾಲು ದಾಟಿ ‘ಹೂಂ, ಆಯ್ತಂತೆ’ ಎಂಬ ಉತ್ತರ ಅದೇ ದಾರಿಯಲ್ಲಿ ವಾಪಸು ಬಂತು. ನಾನು ಹಾಸನದಲ್ಲಿ ಕಲಿತದ್ದೆಲ್ಲ ಅಲ್ಲಿ ಮನುಷ್ಯರ ರೂಪದಲ್ಲಿ ನಡೆಯುತ್ತಿತ್ತು.

“ಈಗ ಗುಟ್ಟಿನ ಪದ ಕೇಳತ್ತೆ ಅಣ್ಣಾ. ಅದು… ಬುದ್ಧಿವಂತ.”

“ಯಾರು?”

“ಯಾರೂ ಅಲ್ಲ. ಪದವೇ ಅದು.”

“ಗುಟ್ಟಿನ ಪದ ಬುದ್ಧಿವಂತ ಅಂತಂತೆ!” ಎಂದು ತಮ್ಮಯ್ಯಣ್ಣ ಊರಿಗೆಲ್ಲ ಕೇಳುವಂತೆ ಸಾರಿದ. ಆಚೆಯಿಂದ ನಗೆಯ ಅಲೆಯೊಂದು ಬಂದು ನನ್ನ ಕಿವಿಗೆ ಬಡಿಯಿತು. ಹಿಂದೆಯೇ ಯಾರೋ ಹೆಂಗಸು, “ಮುಚ್ಚಿದ್ಯಾರು ಅಂತ ಕೇಳ್ರಪ್ಪಾ,” ಎಂದಳು.

“ಅಯ್ಯೋ, ನಾನೇ ಮುಚ್ಚಿಬಿಟ್ಟೆ,” ಎಂದು ಬಾಯಲ್ಲೇ ಗೊಣಗಿದೆ.

“ತಾನೇ ಮುಚ್ಚವ್ನಂತೆ ಕಣ್ರಪ್ಪೋ!” ಅದನ್ನೂ ದಾಟಿಸಿದ. ಆ ಲೈನಿನಲ್ಲಿ ಒಂದಕ್ಷರವೂ ಕಳೆದುಹೋಗುತ್ತಿರಲಿಲ್ಲ.

ಕಾನ್ಫ್ ಟಿ ಆಯಿತು. ಸೀರಿಯಲ್ ಸೊನ್ನೆ ಆಯಿತು. ಕೊನೆಯದು ‘ನೋ ಶಟ್‌ಡೌನ್’. ಅಷ್ಟು ಹೊತ್ತಿಗೆ ಕ್ಯೂಗೆ ಆಟ ಹಿಡಿಸಿ, ನಾನು ಬರೀ ಅಕ್ಷರ ಹೇಳಿದರೆ ಸಾಕು, ಹೆಸರು ಅವರೇ ಹಚ್ಚುತ್ತಿದ್ದರು. “ಎಸ್ಸಾ? ಶಾರದಮ್ಮನ ಎಸ್ಸು!” “ಎಚ್ಚು ನಮ್ದು, ಹಳೇಬೀಡಿಂದು!”

ಪರದೆಯ ಮೇಲೆ ಕಲ್ಲಾಗಿದ್ದ ಕಿಟಕಿಯನ್ನು ಬಿಸುಟು ಇನ್ನೊಂದರಲ್ಲಿ ನಾನು ‘ಪಿಂಗ್’ ಹಾಕಿದೆ. ಪಿಂಗ್ ಎಂದರೆ ಆಚೆ ದಡದವರನ್ನು ‘ಓ’ ಎಂದು ಕೂಗುವುದು. ಉತ್ತರ ಬಾರದಿದ್ದರೆ ಚುಕ್ಕೆ, ಬಂದರೆ ಆಶ್ಚರ್ಯಚಿಹ್ನೆ. ಚುಕ್ಕೆ. ಚುಕ್ಕೆ. ಅಧ್ಯಕ್ಷರು ಅಗಿಯುವುದನ್ನು ನಿಲ್ಲಿಸಿದ್ದರು. ಇನ್ನೊಂದು ಚುಕ್ಕೆ. ಆಮೇಲೆ, ಕಾಲಿಗೆ ಕಾಲು ತಾಗುವಂತೆ, ಆಶ್ಚರ್ಯಚಿಹ್ನೆಗಳ ಸಾಲು. ಫೋನಿನಲ್ಲಿ ಗುಲ್ಲೋ ಗುಲ್ಲು. ‘ರೈಟ್’ ಹೊಡೆಸಿದೆ. ಈ ಸಲ ಮರೆಯಲಿಲ್ಲ.

ಅಧ್ಯಕ್ಷರು ನನ್ನ ಕೈಯಿಂದ ಫೋನು ತೆಗೆದುಕೊಂಡು ಶಾರದಮ್ಮನನ್ನು ಕರೆಸಿದರು. ನಿಯಮದ ಪ್ರಕಾರ ಲೈನು ಕಡಿಯಬಾರದಿತ್ತು, ಕಡಿದಿತ್ತು.

“ಏನಮ್ಮಾ, ಲೈನ್ ಕಡಿದಿತ್ತಂತಲ್ಲ?”

ಅವರ ಗಟ್ಟಿ ದನಿ ನನಗೂ ಕೇಳಿಸಿತು. “ಹೂಂ ಸಾರ್, ಕಡಿದಿತ್ತು. ಕಡಿದದ್ದು ಅರಸೀಕೆರೆ, ಕಟ್ಟಿಕೊಂಡದ್ದು ಹಳೇಬೀಡು. ಈಗ ಯಾವ ಶಾಖೆ ಮುಚ್ಚಬೇಕು ಅಂತ ನೀವೇ ಹೇಳಿ.”

ಅಧ್ಯಕ್ಷರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಎಲೆಯಡಿಕೆ ಗಂಟಲಿಗೆ ಸಿಕ್ಕಿಕೊಳ್ಳುವ ಹಾಗೆ ನಕ್ಕು, “ನಡೆಸ್ಕೊಂಡು ಹೋಗಮ್ಮಾ,” ಎಂದು ಫೋನಿಟ್ಟರು. ಆಡಳಿತ ಮಂಡಳಿಯಲ್ಲಿ ಹಳೇಬೀಡನ್ನು ಬೇಲೂರಿಗೆ ಸೇರಿಸುವ ಮಾತು ಮತ್ತೆ ಏಳಲಿಲ್ಲ. ಮಾರನೆಯ ದಿನ ನಾನು ಮೂರೂರು ಸುತ್ತಿ ಮೂರು ರೌಟರಿಗೂ ಹೆಸರಿಟ್ಟೆ. ಹಳೇಬೀಡಿನಲ್ಲಿ ಶಾರದಮ್ಮ ನೆರೆದವರಿಗೆಲ್ಲ ಸಕ್ಕರೆ ಹಂಚಿ, ನನ್ನ ಅಂಗೈಗೆ ಎರಡು ಚಿಟಿಕೆ ಜಾಸ್ತಿ ಹಾಕಿ, “ತಗೋಪ್ಪಾ ಬುದ್ಧಿವಂತ,” ಎಂದರು. ಈಗಲೂ ಆ ಕಡೆ ಹೋದರೆ ನನ್ನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಸಂಘ ಬೆಳೆದಿದೆ, ನಾನೂ ತಕ್ಕಮಟ್ಟಿಗೆ. ನಿನ್ನೆ ಬೇಲೂರಿನಾಚೆ ಬಿಕ್ಕೋಡಿನಲ್ಲಿ ಹೊಸ ಕೌಂಟರು ಶುರುವಾಯಿತು. ನೀನು ಅರಸೀಕೆರೆಯಲ್ಲೇ ಕೂತು ನೋಡಿಕೋ ಎಂದು ಅಧ್ಯಕ್ಷರು ಹೇಳಿದ್ದರು. ಇಲ್ಲ ಸಾರ್, ಆ ತುದಿಗೆ ಹೋಗುತ್ತೇನೆ ಎಂದು ಬೆಳಗಿನ ಬಸ್ಸಿಗೇ ಹೊರಟೆ. ಎಸ್ಟೇಟ್ ಕೆಲಸಕ್ಕೆ ಹೋಗುವವರು ದಾರಿಯಲ್ಲಿ ಜೀಪು ನಿಲ್ಲಿಸಿ, ಇಣುಕಿ ನೋಡಿ ಹೋಗುತ್ತಿದ್ದರು. ಗುಮಾಸ್ತೆ ಸವಿತಾ, ಅದೇ ಊರಿನ ಹುಡುಗಿ, ಕೌಂಟರ್ ತೆರೆಯುವ ಮುಂಚೆ ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

“ಲೈನ್ ಗಟ್ಟಿಯಾಗಿ ನಿಲ್ತದಾ ಸಾರ್?”

“ನಿಲ್ಲತ್ತೆ. ನಾನಿ…” ಎಂದವನು ನಾಲಿಗೆ ಕಚ್ಚಿಕೊಂಡೆ.

“ನೀವು ಹೋದ್ಮೇಲೆ?”

ಕುರ್ಚಿಯಿಂದ ಎದ್ದೆ. “ಬನ್ನಿ, ಕೂತ್ಕೊಳ್ಳಿ.”

“ಅಯ್ಯೋ, ನಾನು ಮುಟ್ಟಿ ಕೆಟ್ಟೋದ್ರೆ?”

“ನನಗಿಂತ ಚೆನ್ನಾಗಿ ಕೆಡಿಸೋಕೆ ನಿಮ್ಮ ಕೈಲಾಗಲ್ಲ ಕಣಮ್ಮಾ.”

ಒಂದೊಂದೇ ಹೊಸಿಲು ದಾಟಿಸಿದೆ. ಕಡೆಗೆ ಬಾಗಿಲು ಮುಚ್ಚಿ ಎಂದೆ. ಅವಳು ನನ್ನ ಮುಖ ನೋಡಿದಳು, ಮುಚ್ಚಿದಳು. ಅರಸೀಕೆರೆಯಲ್ಲಿ ಬಿಕ್ಕೋಡು ಮಾಯವಾಗಿರಬೇಕು. “ಈಗ ತೆಗೀರಿ,” ಎಂದು ಕೈ ಬೆನ್ನಿಗೆ ಕಟ್ಟಿ ನಿಂತೆ. ಬೆರಳು ಎಷ್ಟು ತುರಿಸುತ್ತಿದ್ದವು ಎಂದು ನಿಮಗೆ ಹೇಳಿ ಪ್ರಯೋಜನವಿಲ್ಲ.

ಫೋನು ಹೊಡೆದುಕೊಂಡಿತು.

“ಅಧ್ಯಕ್ಷರಿರ್ಬೇಕು,” ಎಂದಳು ಸವಿತಾ, ಪರದೆಯಿಂದ ಕಣ್ಣು ಕೀಳದೆ. “ಒಂದ್ ಗಳಿಗೆ ಇರಾಕ್ ಹೇಳಿ ಸಾರ್. ಲೈನ್ ಬತ್ತಾ ಐತೆ.”

ನಾನು ಫೋನೆತ್ತಿ ಅಷ್ಟನ್ನೇ, ಒಂದಕ್ಷರ ಕಳೆಯದೆ, ದಾಟಿಸಿದೆ.