ತುಪ್ಪದ ಡಬ್ಬಿಯ ಗುರುತು

ಬೈಲಹೊಂಗಲದಲ್ಲಿ ಅಂಗಡಿಗಳಿಗೆ ಲೋಗೋ ಬರೆದುಕೊಡುವುದು ನನ್ನ ಕಸುಬು. ದೊಡವಾಡದ ಹೆಣ್ಣುಮಗಳೊಬ್ಬಳು ತಾನು ಮಾರುವ ತುಪ್ಪದ ಡಬ್ಬಿಗೆ ಗುರುತು ಕೇಳಿದ್ದಳು. ಎಷ್ಟು ದಿನ ಕೂತರೂ ಏನೂ ಹೊಳೆಯಲಿಲ್ಲ. ಒಂದು ಮಧ್ಯಾಹ್ನ ‘ತ’ ಅಕ್ಷರ ತಿದ್ದುತ್ತ ಕೂತಾಗ ಕೈ ತಾನಾಗಿಯೇ ಅದನ್ನು ಕೋಡಿನಂತೆ ಬಾಗಿಸಿ, ಕೆಳಗೊಂದು ಚುಕ್ಕೆ ಇಟ್ಟಿತು. ಖುಷಿಯಿಂದ ಮುದ್ರಿಸಿಕೊಂಡು ದೊಡವಾಡದ ಬಸ್ಸು ಹತ್ತಿದೆ.

ಅವಳ ಅತ್ತೆ ಹಾಳೆ ನೋಡಿ ಬಿಳಿಚಿಕೊಂಡರು. “ಇದನ್ನ ಎಲ್ಲಿ ನೋಡೀರಿ?”

“ಎಲ್ಲೂ ಇಲ್ರೀ, ನಾನ ಬರದೇನಿ.”

ಅವರು ನನ್ನನ್ನು ದನದ ಕೊಟ್ಟಿಗೆಗೆ ಕರೆದೊಯ್ದರು. ಮುದಿ ಎತ್ತಿನ ತೊಡೆಯ ಮೇಲೆ ಕೂದಲಿಲ್ಲದ ಸುಟ್ಟ ಕಲೆಯಿತ್ತು. ಅದೇ ಬಾಗು, ಅದೇ ಚುಕ್ಕೆ.

“ನಮ್ಮ ಮನ್ಯಾವ್ರು ಕಬ್ಬಿಣಾ ಕಾಸಿ ಹಾಕಿದ ಬರಿ ಇದು. ಈ ಬರಿ ಬಿದ್ದ ದನ ಯಾವೂ ಬಾಳಲಿಲ್ಲ, ಇದೊಂದ ಉಳದೈತಿ. ಅವ್ರು ಹೋದ ಮ್ಯಾಲ ಆ ಕಬ್ಬಿಣಾ ಬಾವ್ಯಾಗ ಒಗದೇನಿ.”

ನನ್ನ ಕೈಯಲ್ಲಿದ್ದ ಹಾಳೆ ಕಂಡು ಎತ್ತು ಹಗ್ಗ ಬಿಗಿಯುವವರೆಗೂ ಹಿಂದೆ ಸರಿಯಿತು.

“ಗುರ್ತು ಚೊಲೋ ಐತಲ್ರೀ ಅತ್ತಿ, ಇರ್ಲಿ,” ಎಂದಳು ಹಿಂದೆಯೇ ಬಂದಿದ್ದ ಸೊಸೆ.

ಅತ್ತೆ ನನ್ನ ಕೈಯಿಂದ ಹಾಳೆ ಕಸಿದುಕೊಂಡು ಒಳಗೆ ಹೋಗಿ ಒಲೆಗೆ ಹಾಕಿದರು. ಕಾಗದ ಉರಿಯುತ್ತಿದ್ದಂತೆ ಸುಟ್ಟ ಕೂದಲಿನ ವಾಸನೆ ಮನೆ ತುಂಬಿತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಬ್ಯಾರೆ ಬರೀರಿ,” ಎಂದಳು.

ಅಲ್ಲೇ ಕೂತು ಒಂದು ಗಡಿಗೆಯ ಚಿತ್ರ ಬರೆದುಕೊಟ್ಟೆ. ಈಗ ಡಬ್ಬಿಗಳ ಮೇಲೆ ಅದೇ ಇದೆ.