ಕೊಳಕ್ಕೆ ತಂದ ಕಡಲ ಮೀನು

ಕಳೆದ ಭಾನುವಾರ ಸಂಜೆ ಹಳೇಬೀಡಿನ ನಮ್ಮ ಬೀದಿಯ ಕೊಳದಲ್ಲಿ ಏಳು ಸಮುದ್ರದ ಮೀನುಗಳು ಸತ್ತವು. ಅವನ್ನು ಮಂಗಳೂರಿನಿಂದ ತಂದವರು ಇಬ್ಬರು. ಒಬ್ಬರು ನಮ್ಮ ಸ್ಕೂಲಿನ ಶ್ರೀಕಂಠಯ್ಯ ಮೇಷ್ಟ್ರು. ಇನ್ನೊಬ್ಬ ನಾನು.

ನಮ್ಮೂರಿಗೂ ಸಮುದ್ರದ ಮೀನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು.

ಹೋದ ವರ್ಷ ಮೇಷ್ಟ್ರ ಮಗಳು ಲಲಿತ ಬಿಂದಿಗೆ ಹಿಡಿದು ಕೊಳಕ್ಕಿಳಿದಳು. ಮೆಟ್ಟಿಲ ಮೇಲೆ ಪಾಚಿ. ಕಾಲು ಜಾರಿತು. ಒಂಬತ್ತು ವರ್ಷದ ಮಗು. ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. (ಇದಕ್ಕಿಂತ ಹೆಚ್ಚು ಬರೆಯಲಾರೆ.)

ಈ ಬೇಸಿಗೆ ರಜದಲ್ಲಿ ಮೇಷ್ಟ್ರು ಕಡಲ ತೀರಕ್ಕೆ ಹೋಗಿದ್ದರು. ಅಲ್ಲಿ ಬಂಡೆಗಳ ಸಂದಿನಲ್ಲಿ ಒಂದು ಜಾತಿಯ ಮೀನು ನೋಡಿದರಂತೆ. ಮೊಲದಂಥ ಮೂತಿ, ಚಿಕ್ಕ ಬಾಯಿ. ಹಸು ಹುಲ್ಲು ಮೇಯುವಂತೆ ಪಾಚಿ ಮೇಯುತ್ತಿತ್ತು. ಮೇಯ್ದ ಕಡೆ ಕಲ್ಲು ತೊಳೆದಿಟ್ಟಂತೆ ಕಾಣುತ್ತಿತ್ತು. ಅವನ್ನು ಕೊಳಕ್ಕೆ ಬಿಟ್ಟರೆ ಇನ್ನೊಂದು ಮಗು ಜಾರುವುದಿಲ್ಲ. ಅಂದಿನಿಂದ ಅವರ ತಲೆಯಲ್ಲಿ ಅದೊಂದೇ. ಮೀನು ತರೋಣ, ಜೊತೆಗೆ ಬನ್ನಿ ಎಂದರು. ಹೋದೆ.

ಬೆಸ್ತನೊಬ್ಬ ಮೀನು ಹಿಡಿದು, ಸಮುದ್ರದ ನೀರು ತುಂಬಿದ ಎರಡು ಡ್ರಮ್ಮಿಗೆ ಬಿಟ್ಟ. ಮೇಷ್ಟ್ರು ಲಾರಿಯವನೊಡನೆ ಮಾತಾಡಲು ಹೋದಾಗ ನನಗೆ ಎರಡು ಮಾತು ಹೇಳಿದ. ಬೆನ್ನ ಮುಳ್ಳಿನಲ್ಲಿ ವಿಷ ಉಂಟು, ಮುಟ್ಟಬೇಡಿ ಎಂದದ್ದು ಮೊದಲನೆಯದು. ಎರಡನೆಯದನ್ನು ಅವನ ಬಾಯಲ್ಲೇ ಕೇಳಿ:

"ಇದು ಉಪ್ಪು ನೀರಿನದ್ದು ಮಾರಾಯ್ರೆ. ನಿಮ್ಮ ಕೊಳದಲ್ಲಿ ಬದುಕುದಿಲ್ಲ."

ಮೊದಲನೆಯದನ್ನು ಮೇಷ್ಟ್ರಿಗೆ ತಿಳಿಸಿದೆ. ಎರಡನೆಯದನ್ನು ತಿಳಿಸಲಿಲ್ಲ.

ನಮ್ಮೂರ ಕಡೆಯ ಬಿಕ್ಕೋಡಿಗೆ ಹೆಂಚು ಹೊತ್ತು ಹೊರಟಿದ್ದ ಲಾರಿ. ಘಾಟಿ ಹತ್ತುವಷ್ಟು ಹೊತ್ತೂ ಮೇಷ್ಟ್ರು ಚೊಂಬಿನಲ್ಲಿ ಡ್ರಮ್ಮಿನ ನೀರೆತ್ತಿ ಮತ್ತೆ ಅದಕ್ಕೇ ಸುರಿಯುತ್ತಿದ್ದರು, ಮೀನಿಗೆ ಗಾಳಿ ಸಿಗಲೆಂದು. "ಪಾಪ, ಹುಟ್ಟಿದಾಗಿನಿಂದ ಉಪ್ಪುನೀರೇ ಕುಡಿದಿವೆ. ನಮ್ಮೂರ ಸಿಹಿನೀರು ಸಿಕ್ಕಿದ್ರೆ ವಾಪಸ್ ಹೋಗೋಕೆ ಒಪ್ಪಲ್ಲ ಕಣ್ರೀ" ಎಂದು ನಕ್ಕರು. ಒಂದು ವರ್ಷದ ಮೇಲೆ ನಕ್ಕಿದ್ದರು. ಆಗ ಹೇಗೆ ಹೇಳಲಿ?

ಬಿಕ್ಕೋಡಿನಿಂದ ಜೀಪಿನಲ್ಲಿ ಊರು ಸೇರಿದೆವು. ಕೊಳದ ಸುತ್ತ ಜನ. ಯಾರೋ ಕೆಣಕಿದರು: "ಏನ್ ಮೇಷ್ಟ್ರೇ, ಮಂಗ್ಳೂರಿಗೆ ಹೋಗಿ ಜಾತಿ ಕೆಡಿಸ್ಕಂಡ್ರಾ?" ಮೇಷ್ಟ್ರು ಬೇಸರಪಡಲಿಲ್ಲ. "ಇವೂ ಸೊಪ್ಪು ತಿನ್ನೋವೇ ಕಣಯ್ಯ, ನಮ್ಮವೇ" ಎಂದರು.

ಡ್ರಮ್ಮು ಬಗ್ಗಿಸಿದೆವು. ಏಳೂ ಆಳಕ್ಕೆ ಹೋದವು. ಸ್ವಲ್ಪ ಹೊತ್ತಿಗೆ ಒಂದು ಮೇಲೆ ಬಂತು. ಓರೆಯಾಗಿ ಈಜಿತು. ಮಗುಚಿತು. ಆಮೇಲೆ ಇನ್ನೊಂದು. ಮೇಷ್ಟ್ರು ಪಂಚೆ ಉಟ್ಟಂತೆಯೇ ಸೊಂಟದ ನೀರಿಗಿಳಿದು, ಒಂದನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದರು. ಮುಳ್ಳು ಅಂಗೈಗೆ ಇಳಿದದ್ದು ಎಲ್ಲರಿಗೂ ಕಂಡಿತು. ಕೈ ಬಿಡಲಿಲ್ಲ.

ದಡದಲ್ಲಿದ್ದ ಅವರ ಹೆಂಡತಿ ಸಾವಿತ್ರಮ್ಮ ಮೆಲ್ಲನೆ ಹೇಳಿದರು: "ಮೇಲೆ ಬನ್ನಿ ಅಂದ್ರೆ. ಕಾಲಡಿ ಪಾಚಿ ಇದೆ."

ನಾನು ಹೋಗಿ ತೋಳು ಹಿಡಿದೆ. ಬೆಸ್ತ ಹೇಳಿದ್ದನ್ನು ಅಲ್ಲೇ ಹೇಳಿಬಿಟ್ಟೆ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. "ಹೇಳಿದ್ರೂ ಕೇಳ್ತಿರ್ಲಿಲ್ಲ ಬಿಡಿ" ಎಂದರು.

ಅದು ಅವರ ದೊಡ್ಡತನ. ನನಗೆ ಸಮಾಧಾನವಾಗಲಿಲ್ಲ. ಅವರ ನಗು ಕೆಡಿಸಬಾರದೆಂದು ಸುಮ್ಮನಿದ್ದೆನೇ? ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಅಷ್ಟೇ ಅಲ್ಲ ಅನ್ನಿಸುತ್ತದೆ.

ಲಲಿತ ಹೋದ ಮೇಲೆ ಮೇಷ್ಟ್ರು ಪ್ರತಿ ಭಾನುವಾರ ತೆಂಗಿನ ನಾರು ಹಿಡಿದು ಆ ಮೆಟ್ಟಿಲು ತಿಕ್ಕುತ್ತಿದ್ದರು. ಒಬ್ಬರ ಕೈಗೆ ಎಷ್ಟು ಸಾಧ್ಯ? ಮುಂದಿನ ಭಾನುವಾರದೊಳಗೆ ಪಾಚಿ ಮತ್ತೆ ಕಟ್ಟುತ್ತಿತ್ತು. ಇಡೀ ಬೀದಿಯವರು ಅವರ ಪಕ್ಕದಲ್ಲೇ ಹಾದು, ನೀರು ತುಂಬಿಕೊಂಡು, ಹುಷಾರಾಗಿ ಹೆಜ್ಜೆಯಿಟ್ಟು ಮನೆಗೆ ಹೋಗುತ್ತಿದ್ದೆವು. ಮೀನು ಬದುಕಿದರೆ ನಾರು ಹಿಡಿಯುವುದು ನನಗೂ ತಪ್ಪುತ್ತಿತ್ತು.

ಮಗು ಸತ್ತ ಮೆಟ್ಟಿಲನ್ನು ತಿಕ್ಕುವುದಕ್ಕೂ ನಮಗೆ ಸಮುದ್ರದಿಂದ ಮೀನೇ ಬರಬೇಕಾಗಿತ್ತೇ?