ಅಚ್ಚಾದ ಮಾತನ್ನು ನಂಬಿದ ಮೇಷ್ಟ್ರು

ಹೋದ ವಾರ ಒಬ್ಬ ಏಜೆಂಟು ನಮ್ಮ ಅಂಗಡಿಗೆ ಬಂದು, ಸಣ್ಣ ಸೀಸೆಯೊಂದರ ಬಿರಡೆ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ಪನ್ನೀರು, ಪಚ್ಚಕರ್ಪೂರ, ಅದರಡಿಯಲ್ಲಿ ಗಂಟಲು ಕೆರೆಯುವಂಥ ಇನ್ನೇನೋ ಒಂದು ಘಾಟು. ಕಣ್ಣಿನ ಔಷಧವಂತೆ. ಪೇಪರಿನಲ್ಲೆಲ್ಲ ಬಂದಿದೆ, ನೀವು ಇಟ್ಟುಕೊಂಡರೆ ಸಾಕು, ತಾನಾಗಿ ಖರ್ಚಾಗುತ್ತದೆ ಎಂದ. ಅವನಿಗೆ ಕಾಫಿ ಕೊಡಿಸಿ, ಸೀಸೆಯ ಸಮೇತ ಮುಂದಿನ ಬಸ್ಸಿಗೆ ಹತ್ತಿಸಿದೆ. ವಾಸನೆ ಮಾತ್ರ ಅಂಗಡಿಯಲ್ಲೇ ಉಳಿಯಿತು...

ಹೊಳೆನರಸೀಪುರದಲ್ಲಿ ನನಗೆ ಅಕ್ಷರ ಕಲಿಸಿದ ಮೇಷ್ಟ್ರೊಬ್ಬರಿದ್ದರು. ಯುದ್ಧ ಶುರುವಾಗುವುದಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು; ಆಗಲೇ ಅವರು ರಿಟೈರಾಗಿದ್ದರು. ಮೈಸೂರಿನ ಬಸ್ಸಿನಲ್ಲಿ ಪೇಪರು ಬಂದೊಡನೆ ನನ್ನ ಅಂಗಡಿಯ ಜಗಲಿಯ ಮೇಲೆ ಕೂತು, ಹತ್ತು ಜನಕ್ಕೆ ಕೇಳುವಂತೆ ಓದುತ್ತಿದ್ದರು. ಮೊದಲ ಪುಟದ ಸುದ್ದಿಗೂ ಕಡೆಯ ಪುಟದ ಜಾಹೀರಾತಿಗೂ ಒಂದೇ ಧ್ವನಿ, ಒಂದೇ ಗೌರವ. ಅಚ್ಚಿನ ಮೊಳೆ ಜೋಡಿಸುವವನೊಬ್ಬ, ತಿದ್ದುವವನೊಬ್ಬ, ಕಡೆಗೊಮ್ಮೆ ನೋಡುವವನು ಇನ್ನೊಬ್ಬ. ಇಷ್ಟು ಜನರ ಕಣ್ಣು ತಪ್ಪಿಸಿ ಸುಳ್ಳು ಹೇಗೆ ಅಚ್ಚಾದೀತು ಎಂಬುದು ಅವರ ವಾದ.

ನಾನು ಒಣಮೆಣಸಿನಕಾಯಿ ವ್ಯಾಪಾರದವನು. ಮೂಟೆಯ ಬಾಯಲ್ಲಿ ಕೆಂಪಗೆ ಹೊಳೆಯುವುದನ್ನು ನೋಡಿ ದರ ಮಾತಾಡಬೇಡಿ, ಕೈಯನ್ನು ತಳದವರೆಗೂ ಇಳಿಸಿ ಎಂದು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಮೇಷ್ಟ್ರಿಗೂ ಹೇಳುತ್ತಿದ್ದೆ.

"ನಿನ್ನ ಬುದ್ಧಿಯೆಲ್ಲಾ ಮೂಟೆಯೊಳಗೇ ಅದೆ ಕಣಯ್ಯ" ಎಂದು ಅವರು ನಗುತ್ತಿದ್ದರು.

ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ಓದುವಾಗ ಸಾಲು ತಪ್ಪತೊಡಗಿತು. ಬೆಂಗಳೂರಿನಲ್ಲಿ ಪೊರೆ ತೆಗೆಯುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಕತ್ತರಿಸುವ ಮಾತು ಕೇಳಿ ಹೆದರಿದರೋ ಏನೋ, ನನಗೆ ಹೇಳದೆ ಪೇಪರಿನಲ್ಲಿ ಕಂಡ ಔಷಧವೊಂದನ್ನು ವಿ.ಪಿ.ಯಲ್ಲಿ ತರಿಸಲು ಬರೆದುಬಿಟ್ಟಿದ್ದರು. ಜಾಹೀರಾತಿನಲ್ಲಿ ರುಮಾಲು ಸುತ್ತಿದ ಒಬ್ಬರ ಪಟ. ಅರಕಲಗೂಡಿನವರು, ಮೂರೇ ಸೀಸೆಯಲ್ಲಿ ದೃಷ್ಟಿ ಮರಳಿತು ಎಂದು ಅವರ ಹೆಸರಿನಲ್ಲಿ ಒಂದು ಕಾಗದ. ದೂರದ ಬೊಂಬಾಯಿಯವನಾಗಿದ್ದರೆ ಅನುಮಾನ ಪಡಬಹುದಿತ್ತು, ಇದು ನಮ್ಮ ಸೀಮೆಯವನ ಮಾತಲ್ಲವೇ ಎಂದರು ಮೇಷ್ಟ್ರು.

ಪಾರ್ಸಲು ಬಂತು. ಪೋಸ್ಟಾಫೀಸಿನಲ್ಲಿ ಏಳು ದಿನ ಇಟ್ಟುಕೊಳ್ಳುತ್ತಾರೆ, ದುಡ್ಡು ಕಟ್ಟಿ ಬಿಡಿಸಿಕೊಳ್ಳದಿದ್ದರೆ ವಾಪಸು. ಅಷ್ಟರೊಳಗೆ ನಾನು ಅರಕಲಗೂಡಿಗೆ ಹೋಗಿ ಆ ಮನುಷ್ಯನನ್ನೇ ವಿಚಾರಿಸಿಕೊಂಡು ಬರುವುದು, ಅಲ್ಲಿಯವರೆಗೆ ಅವರು ಪಾರ್ಸಲು ಮುಟ್ಟಬಾರದು ಎಂದು ಒಪ್ಪಂದವಾಯಿತು.

ಆತ ಸಿಕ್ಕ. ಬಟ್ಟೆ ಅಂಗಡಿಯವನು. ಅವನ ಕಣ್ಣು ಯಾವತ್ತೂ ಕೆಟ್ಟಿರಲಿಲ್ಲ. ಪೇಪರಿನ ಆ ಚೂರಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದ. ಔಷಧದ ವಿಷಯ ಎತ್ತಿದರೆ ನಾಚಿಕೊಂಡ.

"ನಾನೆಲ್ಲಿ ಆಕ್ಕೊಂಡೆ ಸಾ? ಕಂಪ್ನಿಯೋರು ಬಂದು, ಪೇಪರ್ನಾಗೆ ನಿಮ್ ಪಟ ಬತ್ತದೆ ಅಂದ್ರು. ನಮ್ ವಂಸದಾಗೆ ಯಾರ್ದೂ ಬಂದಿರ್ನಿಲ್ಲ. ಊಂ ಅಂದೆ."

ಅವತ್ತೇ ನಾನು ಹಿಂದಿರುಗಬೇಕಿತ್ತು. ಆದರೆ ಮಾರನೆಯ ದಿನ ಕೊಣನೂರಿನ ಸಂತೆ. ಇಷ್ಟು ದೂರ ಬಂದಿದ್ದೇನೆ, ಏಳರಲ್ಲಿ ಇನ್ನೂ ಐದು ದಿನ ಉಳಿದಿದೆಯಲ್ಲ ಎಂದುಕೊಂಡೆ. ಅಲ್ಲೊಬ್ಬ ರೈತನ ಮಾಲು ಮನಸ್ಸಿಗೆ ಹಿಡಿಯಿತು. ಅವನು ದರ ಇಳಿಸಲೊಲ್ಲ, ನಾನು ಬಿಡಲೊಲ್ಲೆ. ಮೂರು ದಿನ ಅವನ ಮನೆಯ ಬಾಗಿಲಲ್ಲಿ ಕೂತು ಗೆದ್ದೆ. ಆರನೆಯ ದಿನ ಊರಿಗೆ ಬಂದಾಗ, ಗಡುವಿಗೆ ಒಂದು ದಿನ ಮೊದಲೇ ಬಂದೆ ಎಂಬ ಸಮಾಧಾನ ಬೇರೆ.

ಮೇಷ್ಟ್ರ ಎರಡು ಕಣ್ಣೂ ಬೆಂದ ಹಾಗೆ ಕೆಂಪಾಗಿದ್ದವು. ಉರಿ ಬಂದರೆ ಔಷಧ ನಾಟುತ್ತಿದೆ ಎಂದು ತಿಳಿಯಿರಿ ಅಂತ ಸೀಸೆಯ ಜತೆಗಿದ್ದ ಚೀಟಿಯಲ್ಲಿ ಅಚ್ಚಾಗಿತ್ತಂತೆ. ಹೊತ್ತಿಗೆ ಮೂರು ಹನಿಯಂತೆ ಎರಡು ದಿನದಿಂದ ಹಾಕಿಕೊಂಡಿದ್ದರು. ಮಾತು ಕೊಟ್ಟಿದ್ದಿರಲ್ಲ ಎಂದೆ.

"ಕೆಟ್ಟ ಸುದ್ದಿಯಾಗಿದ್ರೆ ನೀನು ಅವತ್ತೇ ಓಡಿ ಬರ್ತಿದ್ದೆ. ಬರ್ಲಿಲ್ಲ. ಅಂದ್ಮೇಲೆ ಒಳ್ಳೇದೇ ಇರ್ಬೇಕು ಅಂತ ಬಿಡಿಸ್ಕೊಂಡೆ ಕಣಯ್ಯ."

ಹಾಸನದ ಆಸ್ಪತ್ರೆಗೆ ಕರೆದೊಯ್ದೆ. ಬರೀ ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಸುಟ್ಟುಹೋಗಿದೆ ಎಂದರು ಡಾಕ್ಟರು.

ಅಲ್ಲಿಂದ ಮುಂದೆ ಪೇಪರು ಓದುವ ಕೆಲಸ ನನ್ನದಾಯಿತು. ಅವರು ಅದೇ ಜಗಲಿಯ ಮೇಲೆ ಕೂತು ತಲೆದೂಗುತ್ತಾ ಕೇಳುತ್ತಿದ್ದರು. ಜಾಹೀರಾತು ಬಂದಾಗ ನಾನು ಪುಟ ಮಗುಚುತ್ತಿದ್ದೆ. ಒಂದು ದಿನ ಅವರೇ ಕೇಳಿದರು: ಆ ಔಷಧದ್ದು ಇನ್ನೂ ಬರುತ್ತದೆಯೇ? ನನ್ನ ಹೆಬ್ಬೆರಳ ಕೆಳಗೇ ಇತ್ತು ಅದು, ರುಮಾಲು ಸುತ್ತಿದ ಅದೇ ಪಟದ ಸಮೇತ. ಇಲ್ಲ ಮೇಷ್ಟ್ರೇ ಎಂದೆ.

"ನೋಡ್ದೆಯಾ? ಗೊತ್ತಾದ ತಕ್ಷಣ ನಿಲ್ಸಿದ್ದಾರೆ. ಪೇಪರಿನೋರು ಮರ್ಯಾದಸ್ಥರು ಕಣಯ್ಯ."

ಮೇಷ್ಟ್ರು ಹೋಗಿ ಕೆಲವು ವರ್ಷಗಳಾದವು. ಈಗ ಪೇಪರಿನ ಜತೆಗೆ ರೇಡಿಯೋ ಬೇರೆ ಬಂದಿದೆ. ಸುಳ್ಳಿಗೆ ಬಸ್ಸು ಕೂಡ ಬೇಕಾಗಿಲ್ಲ. ತಳದವರೆಗೆ ಕೈ ಇಳಿಸಿ ನೋಡಿ ಎಂದು ಜನಕ್ಕೆ ಹೇಳುತ್ತಲೇ ಇದ್ದೇನೆ, ಹೇಳಿ ಹೇಳಿ ಸಾಕಾಗಿದೆ. ನಾನು ಯಾವುದನ್ನೂ ನಂಬುವುದಿಲ್ಲ. ಮೇಷ್ಟ್ರು ಮಾತ್ರ ಕಡೆಯವರೆಗೂ ಪೇಪರನ್ನು ನಂಬಿದ್ದರು... ನನ್ನನ್ನೂ ನಂಬಿದ್ದರು.